ಮೂವರು ಥೆರಪಿಸ್ಟ್‌ಗಳು, ಒಂದು ಗ್ಯಾಸ್ ಸ್ಟೌವ್

ಮೂರು ವರ್ಷದಲ್ಲಿ ನಾನು ಮೂವರು ಥೆರಪಿಸ್ಟ್‌ಗಳ ಹತ್ತಿರ ಹೋದೆ. ಮೊದಲನೆಯವರ ಹತ್ತಿರ 14 ತಿಂಗಳು, ಎರಡನೆಯವರ ಹತ್ತಿರ ಐದೇ ಸಲ, ಮೂರನೆಯವರ ಹತ್ತಿರ 22 ಸೆಷನ್. ನನಗೆ ತುಂಬಾ ಹಿಡಿಸಿದವರು ಮೊದಲನೆಯವರು. ನನ್ನ ಕಷ್ಟ ಕಡಿಮೆ ಮಾಡಿದವರು ಮೂರನೆಯವರು. ಯಾರ ಮುಂದೆ ಕೂತರೆ ಮನಸ್ಸು ಹಗುರ ಆಗುತ್ತದೋ ಅವರೇ ನಮಗೆ ಸರಿಯಾದ ಥೆರಪಿಸ್ಟ್ ಅಂತ ನಂಬಿದ್ದೆ. ಆ ನಂಬಿಕೆಯಲ್ಲೇ ಒಂದು ವರ್ಷದ ಮೇಲಾಯಿತು. ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಹೆಸರಿಗಿಂತ ಅವರು ಹೇಗೆ ಕೆಲಸ ಮಾಡಿದರು ಅನ್ನೋದು ಓದುವವರಿಗೆ ಉಪಯೋಗಕ್ಕೆ ಬರುತ್ತದೆ.

ಮೊದಲು ನನ್ನ ಕಷ್ಟ ಏನು ಅಂತ ಹೇಳಿಬಿಡುತ್ತೇನೆ. ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ತಾಳೆ ನೋಡೋದೇ ನನ್ನ ಕೆಲಸ. ಎರಡು ಸಲ ನೋಡುವುದು ಅಲ್ಲಿ ಒಳ್ಳೆ ಗುಣ. ಆದರೆ ಮನೆ ಬಿಡುವಾಗ ಗ್ಯಾಸ್ ಸ್ಟೌವ್ ಮುಂದೆ ನಿಂತರೆ ಎರಡು ಸಲಕ್ಕೆ ಮುಗಿಯುತ್ತಿರಲಿಲ್ಲ. ನಾಬ್ ಮುಟ್ಟಿ, ತಿರುಗಿಸಿ ನೋಡಿ, ನಾಲ್ಕರವರೆಗೆ ಎಣಿಸಿ, ಮತ್ತೆ ಮೊದಲಿಂದ. ಬಾಗಿಲು ಹಾಕಿ ಮೆಟ್ಟಿಲು ಇಳಿದ ಮೇಲೆ, 'ಕೊನೇ ಸಲ ಮುಟ್ಟಿದಾಗ ನನ್ನ ಕೈಯೇ ಅದನ್ನು ತಿರುಗಿಸಿಬಿಟ್ಟಿತಾ?' ಅನ್ನೋ ಯೋಚನೆ. ಮತ್ತೆ ಮೇಲೆ. ಆಮೇಲೆ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳೋಕೆ ಶುರು ಮಾಡಿದೆ. ದಾರಿಯಲ್ಲಿ ಫೋಟೋ ನೋಡುತ್ತಿದ್ದೆ. ಸ್ವಲ್ಪ ದಿನ ಅದೂ ನಡೆಯಿತು. ಕೊನೆಗೆ, ಇದು ಇವತ್ತಿನ ಫೋಟೋನಾ ನಿನ್ನೆಯದಾ ಅಂತ ಅನುಮಾನ. ಒಂದು ಹಂತದಲ್ಲಿ ನನ್ನ ಫೋನ್‌ನಲ್ಲಿ ಆ ಸ್ಟೌವ್‌ನದೇ 2,300 ಫೋಟೋ ಇದ್ದವು. ಮಗಳ ಹುಟ್ಟುಹಬ್ಬದ ಫೋಟೋ ಹುಡುಕಬೇಕಾದರೆ ಅವನ್ನೆಲ್ಲಾ ದಾಟಿಕೊಂಡು ಹೋಗಬೇಕಿತ್ತು. ಒಂದು ಸಂಜೆ ಹಾಗೆ ಹುಡುಕುತ್ತಾ ಕೂತಾಗಲೇ ಯಾರ ಹತ್ತಿರವಾದರೂ ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದು.

ಮೊದಲನೆಯವರನ್ನು ಆರಿಸಿದ್ದು ಫೋಟೋ ನೋಡಿ. ಮುಖದಲ್ಲಿ ಶಾಂತಿ ಇತ್ತು, ಅಷ್ಟೇ. ಹೋದ ಮೇಲೂ ಹಾಗೇ ಇದ್ದರು. ನಿಧಾನವಾಗಿ ಮಾತಾಡುವವರು. ಹೋದ ತಿಂಗಳು ಹೇಳಿದ ಸಣ್ಣ ವಿಷಯವನ್ನೂ ನೆನಪಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಅಪ್ಪನ ಸಿಟ್ಟು, ಏನೇ ತಪ್ಪಾದರೂ 'ಯಾರು ಮಾಡಿದ್ದು?' ಅಂತ ಮನೆಯಲ್ಲಿ ಏಳುತ್ತಿದ್ದ ಮೊದಲ ಪ್ರಶ್ನೆ, ಇದನ್ನೆಲ್ಲಾ ನಾನು ಬಾಯಿಬಿಟ್ಟು ಹೇಳಿದ್ದು ಅವರ ಮುಂದೆಯೇ. ಅದು ಸುಳ್ಳಲ್ಲ, ವ್ಯರ್ಥವೂ ಅಲ್ಲ. ಈಗಲೂ ಅವರ ಬಗ್ಗೆ ನನಗೆ ಗೌರವ ಇದೆ.

ಆದರೆ ಒಂದು ವಿಷಯ ನಡೆಯುತ್ತಿತ್ತು. ಸ್ಟೌವ್ ಬಗ್ಗೆ ಹೇಳಿದಾಗೆಲ್ಲಾ ಅವರು, "ನೀವು ಎಷ್ಟು ಜವಾಬ್ದಾರಿ ಇರುವವರು. ಗ್ಯಾಸ್ ಹಾಗೇ ಬಿಟ್ಟು ಹೋಗುವವರಲ್ಲ ನೀವು" ಅನ್ನುತ್ತಿದ್ದರು. ಕೇಳಿದ ತಕ್ಷಣ ಎದೆ ತಣ್ಣಗಾಗುತ್ತಿತ್ತು. ಎರಡು ದಿನ ಚೆನ್ನಾಗಿರುತ್ತಿದ್ದೆ. ಮೂರನೇ ದಿನ, 'ಅವರಿಗೆ ನನ್ನ ಬಗ್ಗೆ ಪೂರ್ತಿ ಗೊತ್ತಿಲ್ಲ, ಅದಕ್ಕೇ ಹಾಗಂದರು' ಅಂತ ಶುರುವಾಗುತ್ತಿತ್ತು. ಆಗ ಮೆಸೇಜ್ ಮಾಡುತ್ತಿದ್ದೆ. ಪಾಪ, ಅವರು ಉತ್ತರ ಕೊಡುತ್ತಿದ್ದರು. ಫೋಟೋ ಮಾಡುತ್ತಿದ್ದ ಕೆಲಸವನ್ನೇ ಈಗ ಅವರ ಮಾತು ಮಾಡುತ್ತಿತ್ತು. ಅದು ಇಬ್ಬರಿಗೂ ಗೊತ್ತಾಗಲಿಲ್ಲ. ಮೊದಲ ದಿನ ಹೋದಾಗ ಮನೆ ಬಿಡೋಕೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. 14 ತಿಂಗಳಾದ ಮೇಲೆ ಒಂದೂವರೆ ಗಂಟೆ.

ನಾನು ನಿಲ್ಲಿಸುತ್ತೇನೆ ಅಂದ ದಿನ ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಈ ವಿಷಯದಲ್ಲಿ ನನಗೆ ವಿಶೇಷ ತರಬೇತಿ ಇಲ್ಲ. ಇದನ್ನು ಮೊದಲೇ ಹೇಳಬೇಕಿತ್ತು" ಅಂದರು. ಅಷ್ಟು ನೇರವಾಗಿ ಹೇಳೋಕೆ ಧೈರ್ಯ ಬೇಕು, ಅಲ್ವಾ? ಆದರೆ ಆ ಮಾತು ಮೊದಲ ತಿಂಗಳಲ್ಲೇ ಬಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಎರಡನೆಯವರ ಬಗ್ಗೆ ಜಾಸ್ತಿ ಬರೆಯೋಕೆ ಇಲ್ಲ. ಆರು ಸೆಷನ್‌ನಲ್ಲಿ ಗುಣ ಮಾಡುತ್ತೇನೆ ಅಂತ ಮೊದಲ ದಿನವೇ ಮಾತು ಕೊಟ್ಟರು. "ನನಗೂ ಸ್ವಲ್ಪ ಒಸಿಡಿ ಇದೆ, ಮೇಜು ನೀಟಾಗಿ ಇರಲೇಬೇಕು" ಅಂದರು. ಒಸಿಡಿ ಅಂದರೆ ಗೀಳು ರೋಗ. ಕೈಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಸಿ, ಯೋಚನೆ ಬಂದಾಗೆಲ್ಲಾ ಎಳೆದು ಬಿಡಿ, 'ಸಾಕು' ಅಂತ ಮನಸ್ಸಲ್ಲೇ ಕೂಗಿ ಅಂದರು. ಮಣಿಕಟ್ಟು ಕೆಂಪಗಾಯಿತು. ಯೋಚನೆ ಇನ್ನೂ ಜಾಸ್ತಿ ಆಯಿತು. ಅದು ಯಾಕೆ ಅಂತ ಆಮೇಲೆ ಓದಿ ತಿಳಿದೆ. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದ್ದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಹೊಡೆಯಿರಿ ಅಂತ ಕೆಲವರಿಗೆ ಹೇಳಿದರು. ಗಂಟೆ ಹೊಡೆಯುತ್ತಲೇ ಇತ್ತು. ಆಮೇಲೆ ಯೋಚಿಸಬಹುದು ಅಂದಾಗ, ಮೊದಲಿಂದ ಯೋಚಿಸಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಬಂತು. ನನ್ನ ಕರಡಿ ಆ ಗ್ಯಾಸ್ ನಾಬ್.

ಐದನೇ ಸಲ, ಇದರಿಂದ ಉಪಯೋಗ ಆಗುತ್ತಿಲ್ಲ ಅಂತ ಹೇಳಿದೆ. "ನಿಮಗೇ ಗುಣ ಆಗೋಕೆ ಮನಸ್ಸಿಲ್ಲ" ಅಂದರು. ಎದ್ದು ಬಂದೆ. ಆ ಒಂದು ಮಾತಿನ ಗಾಯ ಆರೋಕೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಯಾರ ಹತ್ತಿರವೂ ಹೋಗಲಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಇಂಥ ಮಾತು ಬಿದ್ದಿದ್ದರೆ, ದಯವಿಟ್ಟು ಅದನ್ನು ನಿಮ್ಮ ತಪ್ಪು ಅಂತ ತಗೋಬೇಡಿ.

ಆಮೇಲೆ ಹೋಗಿದ್ದು ಸೈಕಿಯಾಟ್ರಿಸ್ಟ್ ಹತ್ತಿರ. ನಿದ್ದೆ ಬರುತ್ತಿಲ್ಲ ಅಂತ ಹೋಗಿದ್ದೆ, ಬೇರೆ ಕಾರಣವನ್ನು ಹೇಳೋ ಉದ್ದೇಶ ಇರಲಿಲ್ಲ. ಅವರೇ ಕೆದಕಿ ಕೇಳಿದರು. ಸೈಕಿಯಾಟ್ರಿಸ್ಟ್ ಅಂದರೆ ವೈದ್ಯರು, ಮದ್ದು ಬರೆಯಬಲ್ಲವರು. ಸೈಕಾಲಜಿಸ್ಟ್, ಕೌನ್ಸೆಲರ್ ಸಾಮಾನ್ಯವಾಗಿ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ಈ ವ್ಯತ್ಯಾಸವೇ ನನಗೆ ಅಲ್ಲಿಯವರೆಗೆ ಸರಿಯಾಗಿ ತಿಳಿದಿರಲಿಲ್ಲ. ನನ್ನ ಕಷ್ಟಕ್ಕೆ ಒಸಿಡಿ ಅಂತ ಹೆಸರು ಹೇಳಿದವರು ಅವರೇ. ಹೆಸರು ಸಿಕ್ಕಿದ್ದಕ್ಕೇ ಅತ್ತುಬಿಟ್ಟೆ. ಒಂದು ಮಾತ್ರೆ ಬರೆದರು, ಎಸ್‌ಎಸ್‌ಆರ್‌ಐ ಅನ್ನೋ, ಖಿನ್ನತೆಗೂ ಒಸಿಡಿಗೂ ಕೊಡುವ ಮದ್ದುಗಳ ಗುಂಪಿನದು. ಒಸಿಡಿಗೆ ಇದು ಕೆಲಸ ಮಾಡಿದೆಯಾ ಅಂತ ತಿಳಿಯೋಕೆ ಎಂಟರಿಂದ ಹನ್ನೆರಡು ವಾರ ಕಾಯಬೇಕಾಗಬಹುದು, ನಡುವೆ ನೀವಾಗಿ ನಿಲ್ಲಿಸಬೇಡಿ ಅಂದರು. ಜೊತೆಗೆ, ಬರೀ ಮಾತ್ರೆ ಸಾಕಾಗಲ್ಲ, ಇಆರ್‌ಪಿ ಮಾಡುವವರನ್ನು ಹುಡುಕಿ ಅಂತ ಒಂದು ಚೀಟಿಯಲ್ಲಿ ಮೂರಕ್ಷರ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಪರ್ಸ್‌ನಲ್ಲಿದೆ.

ಇಆರ್‌ಪಿ (ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಅಂದರೆ, ಭಯ ಹುಟ್ಟಿಸುವ ಸಂಗತಿಯನ್ನು ಬೇಕಂತಲೇ ಎದುರಿಸುವುದು, ಆಮೇಲೆ ಆ ಭಯ ಕಳೆಯಲು ಮಾಡುವ ಕೆಲಸವನ್ನು ಮಾಡದೇ ಇರುವುದು. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಗೀಳು ಇದ್ದ ಇಬ್ಬರಿಗೆ ಆಸ್ಪತ್ರೆಯಲ್ಲಿಟ್ಟು ಈ ಥರ ಚಿಕಿತ್ಸೆ ಕೊಟ್ಟಿದ್ದನ್ನು ಬರೆದರು. ಇವತ್ತು ಒಸಿಡಿಗೆ ಮಾತಿನ ಚಿಕಿತ್ಸೆ ಅಂದರೆ ಮೊದಲು ಹೇಳುವುದು ಇದನ್ನೇ. ನಾನು 14 ತಿಂಗಳು ಒಂದು ಕೋಣೆಯಲ್ಲಿ ಕೂತು ಮಾತಾಡಿದಾಗ ಈ ಮೂರಕ್ಷರ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಈ ಸಲ ಫೋಟೋ ನೋಡಿ ಆರಿಸಲಿಲ್ಲ. ನಾಲ್ಕು ಜನಕ್ಕೆ ಫೋನ್ ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: "ನನಗೆ ಪದೇಪದೇ ಪರೀಕ್ಷಿಸುವ ಒಸಿಡಿ ಇದೆ. ನೀವು ಹೇಗೆ ಕೆಲಸ ಮಾಡುತ್ತೀರಿ?" ಒಬ್ಬರು, "ನಾನು ಎಲ್ಲಾ ಥರದ ಥೆರಪಿ ಮಾಡುತ್ತೇನೆ" ಅಂದರು. ಎಲ್ಲಾ ಅಂದರೆ ಯಾವುದು ಅಂತ ಕೇಳಿದರೆ ಮತ್ತೆ ಎಲ್ಲಾ. ಇನ್ನೊಬ್ಬರು, ಮೊದಲು ಬನ್ನಿ, ಆಮೇಲೆ ನೋಡೋಣ ಅಂದರು. ಮೂರನೇ ಫೋನ್‌ಗೆ ಸಿಕ್ಕವರು ತುಂಬಾ ಒಳ್ಳೆಯವರು. "ನಾನು ಗಂಡ ಹೆಂಡತಿಯರ ವಿಷಯ ನೋಡುವವಳು, ಒಸಿಡಿ ನನಗೆ ಬರಲ್ಲ" ಅಂತ ಹೇಳಿ ಬೇರೆಯವರ ನಂಬರ್ ಕೊಟ್ಟರು. ಆ ನಂಬರ್ ಇಂದ ಸಿಕ್ಕವರೇ ನನ್ನ ಈಗಿನ ಥೆರಪಿಸ್ಟ್.

ಅವರು ಫೋನ್‌ನಲ್ಲೇ ಹೇಳಿದ್ದು ಇಷ್ಟು. "ಮೊದಲ ಎರಡು ಸೆಷನ್ ಬರೀ ಕೇಳುತ್ತೇನೆ. ಮೂರನೆಯದರಲ್ಲಿ ಇಬ್ಬರೂ ಸೇರಿ ಒಂದು ಪಟ್ಟಿ ಮಾಡೋಣ, ಕಡಿಮೆ ಭಯದ್ದರಿಂದ ಜಾಸ್ತಿ ಭಯದ್ದಕ್ಕೆ. ಆಮೇಲೆ ಒಂದೊಂದೇ ಮಾಡೋಣ. ದಿನಾ ಮನೆಯಲ್ಲಿ ಮಾಡುವ ಕೆಲಸ ಇರುತ್ತೆ. ಇನ್ನೊಂದು, ಗ್ಯಾಸ್ ಆಫ್ ಆಗಿದೆ ಅಂತ ನಾನು ನಿಮಗೆ ಯಾವತ್ತೂ ಸಮಾಧಾನ ಹೇಳಲ್ಲ. ಅದು ನಿಮಗೆ ಕಷ್ಟ ಆಗುತ್ತೆ. ಯಾಕೆ ಅಂತ ಬಂದಾಗ ವಿವರಿಸುತ್ತೇನೆ." ನಾಲ್ಕು ನಿಮಿಷದ ಮಾತು. ಮುಂದಿನ ದಾರಿ ಹೇಗಿರುತ್ತದೆ ಅಂತ ನನಗೆ ಕಣ್ಣಿಗೆ ಕಟ್ಟಿತು. ಕಷ್ಟ ಏನು ಅನ್ನೋದೂ ಗೊತ್ತಾಯಿತು. ಕಾಯಬೇಕಾಗಿದ್ದು ಒಂಬತ್ತು ವಾರ. ಕಾದೆ.

ಮೊದಲ ದಿನ ಒಂದು ಹಾಳೆ ಕೊಟ್ಟರು. ನಾನು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಯಾವಾಗ ಉಳಿಯುವುದಿಲ್ಲ ಅಂತಲೂ ಬರೆದಿತ್ತು: ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದಾಗ, ಮಗುವಿಗೆ ಹಿಂಸೆ ಆಗುತ್ತಿದೆ ಅಂತ ತಿಳಿದಾಗ, ಕೋರ್ಟ್ ಕೇಳಿದಾಗ. ಸೆಷನ್‌ಗಳ ನಡುವೆ ಮೆಸೇಜ್‌ಗೆ ಉತ್ತರ ಕೊಡುವುದಿಲ್ಲ, ತುರ್ತು ಇದ್ದರೆ ಎಲ್ಲಿಗೆ ಹೋಗಬೇಕು ಅಂತಲೂ ಇತ್ತು. ಆಮೇಲೆ ಯೇಲ್-ಬ್ರೌನ್ ಸ್ಕೇಲ್ ಅನ್ನೋ ಪ್ರಶ್ನೆಪಟ್ಟಿ. ಒಸಿಡಿ ಎಷ್ಟು ತೀವ್ರ ಅಂತ ನೋಡೋಕೆ 1989ರಿಂದ ಬಳಕೆಯಲ್ಲಿರುವ ಅಳತೆ ಇದು. ಹತ್ತು ಪ್ರಶ್ನೆ, ಒಟ್ಟು 40 ಅಂಕ. ನನಗೆ ಬಂದಿದ್ದು 27. ತೀವ್ರ ಅನ್ನೋ ಗುಂಪಿಗೆ ಸೇರುವ ಅಂಕ ಅದು. ಲೆಕ್ಕದವಳಾದ ನನಗೆ ಅಂಕಿ ನೋಡಿ ಒಂಥರಾ ಧೈರ್ಯ ಬಂತು. ಅಳೆಯೋಕೆ ಆಗುವುದು ಇಳಿಯಲೂಬಹುದು ಅಂತ.

ಆರನೇ ಸೆಷನ್ ಬಗ್ಗೆ ವಿವರವಾಗಿ ಹೇಳಬೇಕು. ಅದು ವಿಡಿಯೋ ಕಾಲ್‌ನಲ್ಲಿ ನಡೆಯಿತು, ಸ್ಟೌವ್ ಇರುವುದು ನನ್ನ ಮನೆಯಲ್ಲಿ ತಾನೇ. ಹಾಲು ಕಾಯಿಸಿ, ನಾಬ್ ಒಂದೇ ಸಲ ತಿರುಗಿಸಿ, ಹಿಂದೆ ನೋಡದೆ ಹೊರಗೆ ಬಂದು ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂರಬೇಕು. ಫೋಟೋ ಇಲ್ಲ. ಕೂತೆ. ಫೋನ್ ಹಿಡಿದ ಕೈ ಒದ್ದೆಯಾಗಿತ್ತು. "ಸೊನ್ನೆಯಿಂದ ನೂರರಲ್ಲಿ ಭಯ ಎಷ್ಟಿದೆ?" ಅಂತ ಕೇಳಿದರು. 85 ಅಂದೆ. "ಮೇಡಂ, ಆಫ್ ಆಗಿದೆ ತಾನೇ? ನೀವು ನೋಡಿದಿರಲ್ಲ?" ಅಂತ ಕೇಳಿಬಿಟ್ಟೆ. ಅವರು, "ಆಗಿರಬಹುದು. ಆಗಿಲ್ಲದೆಯೂ ಇರಬಹುದು. ಈ ಗೊತ್ತಿಲ್ಲ ಅನ್ನೋದರ ಜೊತೆ ಸ್ವಲ್ಪ ಕೂರೋಣ" ಅಂದರು. ನನಗೆ ಕೋಪ ಬಂತು. ಹೊಟ್ಟೆ ತೊಳಸಿತು. ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. 90. 85. 85. ಮೇಲಿನ ಮನೆಯ ಹುಡುಗ ಸೈಕಲ್ ಹೊತ್ತುಕೊಂಡು ನನ್ನ ಪಕ್ಕದಲ್ಲೇ ಇಳಿದು ಹೋದ. 70. ಮೂಗಿಗೆ ಗ್ಯಾಸ್ ವಾಸನೆ ಬಂದಂತೆ ಆಗಿ ಮತ್ತೆ 80. ಅದನ್ನೂ ಹೇಳಿದೆ. "ಹೂಂ, ಮನಸ್ಸು ಹಾಗೂ ಮಾಡುತ್ತೆ" ಅಂದರು, ಅಷ್ಟೇ. ನಲವತ್ತು ನಿಮಿಷ ಆದಾಗ 45ಕ್ಕೆ ಬಂದಿತ್ತು. ನಾನು ಏನೂ ಮಾಡಿರಲಿಲ್ಲ, ಸುಮ್ನೆ ಕೂತಿದ್ದೆ. ಪರೀಕ್ಷೆ ಮಾಡದೆ ಭಯ ತಾನಾಗಿ ಇಳಿದಿದ್ದನ್ನು ಎಷ್ಟೋ ವರ್ಷಗಳ ಮೇಲೆ ಅವತ್ತು ಮೊದಲ ಸಲ ನೋಡಿದೆ. ಪ್ರತಿ ಸಲವೂ ಹೀಗೆ ಇಳಿಯಲೇಬೇಕು ಅಂತಿಲ್ಲ, ಇಳಿಯದಿದ್ದರೂ ತಡೆದುಕೊಳ್ಳಬಹುದು ಅಂತ ತಿಳಿಯುವುದೇ ಮುಖ್ಯ ಅಂತ ಅವರು ಆಮೇಲೆ ಹೇಳಿದರು.

ಮನೆಯವರನ್ನೂ ಒಮ್ಮೆ ಕರೆಸಿದರು. ದಿನಕ್ಕೆ ಹತ್ತು ಸಲ ನಾನು, "ರೀ, ಗ್ಯಾಸ್ ಆಫ್ ಆಗಿದೆಯಲ್ವಾ?" ಅಂತ ಕೇಳುತ್ತಿದ್ದೆ. "ಆಗಿದೆ ಕಣೇ" ಅನ್ನುತ್ತಿದ್ದರು. ಪ್ರೀತಿಯಿಂದಲೇ. ಆ ಉತ್ತರ ಕೊಡೋದನ್ನು ನಿಲ್ಲಿಸಬೇಕು ಅಂದಾಗ ನನಗಿಂತ ಅವರಿಗೇ ಕಷ್ಟ ಆಯಿತು. ಈಗ, "ಇದಕ್ಕೆ ಉತ್ತರ ಕೊಡಲ್ಲ ಅಂತ ಒಪ್ಪಿಕೊಂಡಿದ್ದೀವಲ್ಲ, ಬಾ ಪಕ್ಕದಲ್ಲಿ ಕೂತುಕೋ" ಅನ್ನುತ್ತಾರೆ.

ಕುಂದು ಇಲ್ಲವೇ ಅಂದರೆ, ಇದೆ. ಒಂಬತ್ತನೇ ಸೆಷನ್‌ನಲ್ಲಿ ಅವರು ಪಟ್ಟಿಯಲ್ಲಿ ಎರಡು ಮೆಟ್ಟಿಲು ಒಟ್ಟಿಗೆ ಹತ್ತಿಸಿದರು. ನಾನು ಬೇಡ ಅನ್ನಲಿಲ್ಲ, ಅನ್ನೋಕೆ ಆಗಲಿಲ್ಲ. ಮನೆಗೆ ಬಂದು ರಾತ್ರಿಯೆಲ್ಲಾ ಎದ್ದೆದ್ದು ನೋಡಿದೆ. ಇನ್ನು ಹೋಗುವುದಿಲ್ಲ ಅಂತ ಬರೆದು ಕಳಿಸಿದೆ. ಮುಂದಿನ ವಾರ ಬಂದು ಒಂದು ಸಲ ಮಾತಾಡಿ, ಆಮೇಲೆ ನಿಮ್ಮಿಷ್ಟ ಅಂತ ಒಂದೇ ಸಾಲಿನ ಉತ್ತರ ಬಂತು. ಹೋದೆ. ಅವರು ಅದೇ ವಿಷಯದಿಂದ ಶುರು ಮಾಡಿದರು. "ನಾನು ಅವಸರ ಮಾಡಿದೆ. ನಿಮ್ಮ ಮುಖ ನೋಡಿ ನಿಲ್ಲಿಸಬೇಕಿತ್ತು. ಕ್ಷಮಿಸಿ" ಅಂದರು. ಪಟ್ಟಿ ತೆಗೆದು ನಡುವೆ ಇನ್ನೂ ನಾಲ್ಕು ಸಾಲು ಸೇರಿಸಿದೆವು. ಆದರೆ ದಾರಿಯನ್ನು ಬಿಡಲಿಲ್ಲ, ಸುಮ್ನೆ ಸಮಾಧಾನವನ್ನೂ ಹೇಳಲಿಲ್ಲ. ಎರಡನೆಯವರ ಮಾತು ನೆನಪಾಯಿತು. ನಾನು ಹೇಳಿದ್ದು ಇಬ್ಬರಿಗೂ ಒಂದೇ: ಇದು ನನಗೆ ಆಗುತ್ತಿಲ್ಲ. ಅವರು ತಪ್ಪನ್ನು ನನ್ನ ಮೇಲೆ ಹಾಕಿದರು, ಇವರು ಪಟ್ಟಿ ತೆಗೆದರು. ಥೆರಪಿಸ್ಟ್ ಸರಿಯಾಗಿದ್ದಾರಾ ಅಂತ ಯಾರಾದರೂ ಕೇಳಿದರೆ ನಾನು ಈಗ ಮೊದಲು ಕೇಳುವುದು, 'ಅವರಿಗೆ ಎದುರು ಮಾತಾಡಿ ನೋಡಿದ್ದೀರಾ?' ಅಂತ.

ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಥೆರಪಿಯ ಸಂಬಂಧವನ್ನು ಮೂರು ಭಾಗ ಮಾಡಿ ಹೇಳಿದ್ದರು. ಎಲ್ಲಿಗೆ ತಲುಪಬೇಕು ಅನ್ನೋದರಲ್ಲಿ ಇಬ್ಬರಿಗೂ ಒಪ್ಪಿಗೆ, ಅದಕ್ಕೆ ಏನೇನು ಮಾಡಬೇಕು ಅನ್ನೋದರಲ್ಲಿ ಒಪ್ಪಿಗೆ, ಆಮೇಲೆ ಇಬ್ಬರ ನಡುವಿನ ನಂಟು. ಮೊದಲನೆಯವರ ಜೊತೆ ನನಗಿದ್ದುದು ಮೂರನೆಯದು ಮಾತ್ರ, ಅದೂ ಧಾರಾಳವಾಗಿ. ನಂಟು ಅಷ್ಟು ಚೆನ್ನಾಗಿದ್ದಿದ್ದಕ್ಕೇ ಉಳಿದೆರಡು ಇಲ್ಲ ಅಂತ ಗೊತ್ತಾಗಲಿಲ್ಲ ಅಂತ ಈಗ ಅನ್ನಿಸುತ್ತದೆ.

ಇನ್ನೊಂದು ಕುಂದು. ಇವರ ಹತ್ತಿರ ಅಪ್ಪನ ವಿಷಯ ಮಾತಾಡೋಕೆ ಜಾಗ ಕಡಿಮೆ. 50 ನಿಮಿಷ ಅಂದರೆ 50 ನಿಮಿಷ. ಹೋಮ್‌ವರ್ಕ್ ಮಾಡದೆ ಹೋದರೆ ಬೈಯುವುದಿಲ್ಲ, ಆದರೆ ಅರ್ಧ ಸೆಷನ್ ಅದರ ಬಗ್ಗೆಯೇ ಹೋಗುತ್ತದೆ. ದಿನಾ ಒಂದು ಗಂಟೆ ಇದಕ್ಕೆ ಎತ್ತಿಡೋಕೆ ಆಗದವರಿಗೆ, ಈಗಷ್ಟೇ ದೊಡ್ಡ ನೋವಿನಲ್ಲಿ ಇರುವವರಿಗೆ ಇವರು ಒಗ್ಗದೆ ಹೋಗಬಹುದು. ಹೋದ ವರ್ಷ ನನ್ನ ಜೊತೆ ಕೆಲಸ ಮಾಡುವವರೊಬ್ಬರ ತಾಯಿ ತೀರಿಕೊಂಡರು. ಅವರು ಕೇಳಿದಾಗ ನಾನು ಕೊಟ್ಟಿದ್ದು ಮೊದಲನೆಯವರ ನಂಬರ್. ಅವರಿಗೆ ಬೇಕಾಗಿದ್ದುದು ಪಟ್ಟಿ ಅಲ್ಲ, ಕೇಳುವ ಕಿವಿ. ಈಗಲೂ ಅಲ್ಲಿಗೇ ಹೋಗುತ್ತಿದ್ದಾರೆ, ತುಂಬಾ ಒಳ್ಳೆಯದಾಗಿದೆ ಅನ್ನುತ್ತಾರೆ. ನನಗೂ ಅದನ್ನು ಕೇಳಿ ಸಮಾಧಾನ ಆಯಿತು.

ನೀವು ಹುಡುಕುತ್ತಿದ್ದರೆ ಓದು, ಪರವಾನಗಿ ಏನು ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಳ್ಳುವವರನ್ನು ಬಿಟ್ಟುಬಿಡಿ. ಖಂಡಿತ ಗುಣ ಆಗುತ್ತೆ ಅಂತ ಮಾತು ಕೊಡುವವರನ್ನೂ ಬಿಡಿ. ಸ್ನೇಹ, ವ್ಯವಹಾರ, ಸಲಿಗೆ ಅಂತ ಸೆಷನ್ ಆಚೆಗೆ ಸಂಬಂಧ ಬೆಳೆಸೋಕೆ ಬರುವವರ ಹತ್ತಿರ ಒಂದು ದಿನವೂ ನಿಲ್ಲಬೇಡಿ. ಐದಾರು ಸಲ ಹೋದ ಮೇಲೂ, ನಾವು ಏನು ಮಾಡುತ್ತಿದ್ದೀವಿ, ಯಾಕೆ ಅಂತ ನಿಮ್ಮ ಮಾತಿನಲ್ಲಿ ಹೇಳೋಕೆ ಬರದಿದ್ದರೆ ಅವರನ್ನೇ ಕೇಳಿ. ನಾನು 14 ತಿಂಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಮನಸ್ಸು ನೋಯಿಸಬಾರದು ಅಂತ ಸುಮ್ಮನಿದ್ದೆ.

22ನೇ ಸೆಷನ್ ಮುಗಿದಾಗ ಅಂಕ 11. ಸೌಮ್ಯ ಅನ್ನೋ ಗುಂಪು. ಯೋಚನೆ ಈಗಲೂ ಬರುತ್ತದೆ, ಬಂದು ಹೋಗುತ್ತದೆ. ಮನೆ ಬಿಡೋಕೆ ನಾಲ್ಕೈದು ನಿಮಿಷ ಸಾಕು. ಮಾತ್ರೆ ಇನ್ನೂ ಇದೆ, ಡಾಕ್ಟರ್ ಹೇಳುವವರೆಗೂ ಇರುತ್ತದೆ. ಫೋಟೋ ಅಳಿಸುವುದು 18ನೇ ವಾರದಲ್ಲಿ ಶುರುವಾದ ಕೆಲಸ. ಒಟ್ಟಿಗೆ ಅಲ್ಲ, ದಿನಕ್ಕೆ ನೂರರಂತೆ, ಹೊಸದರಿಂದ ಹಳೆಯದಕ್ಕೆ. ಕೊನೆಯ ದಿನ ಉಳಿದಿದ್ದು ಮೊಟ್ಟಮೊದಲು ತೆಗೆದ ಫೋಟೋ. ಅದರಲ್ಲಿ ಸ್ಟೌವ್ ಪಕ್ಕ ಮಗಳ ಕೈ ಇದೆ, ಲೋಟ ಹಿಡಿದುಕೊಂಡಿದ್ದಾಳೆ. ಇದನ್ನು ಇಟ್ಟುಕೊಳ್ಳಬಹುದಾ ಅಂತ ಥೆರಪಿಸ್ಟ್‌ಗೆ ಕೇಳಿದೆ. ಯಾಕೆ ಬೇಕು ಅಂದರು. ಮಗಳ ಕೈಗೋಸ್ಕರ ಅಂದೆ. ಇಟ್ಟುಕೊಂಡಿದ್ದೇನೆ.

ಈಗ ಎರಡು ತಿಂಗಳಿಗೊಮ್ಮೆ ಹೋಗುತ್ತೇನೆ. ಪಟ್ಟಿಯಲ್ಲಿ ಇನ್ನೊಂದು ಸಾಲು ಬಾಕಿ ಇದೆ. ಎಲ್ಲರೂ ನಾಲ್ಕು ದಿನ ಪ್ರವಾಸ ಹೊರಡುವಾಗ ಅಡುಗೆಮನೆಯಿಂದ ಕೊನೆಗೆ ಹೊರಬರುವವಳು, ಬಾಗಿಲು ಹಾಕುವವಳು ನಾನೇ ಆಗಬೇಕು. ರಜೆಗೆ ಟಿಕೆಟ್ ಬುಕ್ ಮಾಡಿದ್ದೇವೆ.